ಘಟದಲ್ಲಿ ಬಂದ ಗರಗಸದ ಎಲೆ

ನಮ್ಮ ಊರಿನ ಪೊಲೀಸ್ ಪಾಟೀಲ ನಾನು. ಹೀಗೆಂದ ಕೂಡಲೇ ಹೊರಗಿನವರು ನನ್ನ ಸೊಂಟದ ಕಡೆ ನೋಡುತ್ತಾರೆ, ಪಿಸ್ತೂಲು ಇರಬಹುದೆಂದು. ಇರುವುದು ಹೆಗಲಿಗೊಂದು ಚೀಲ. ಅದರಲ್ಲಿ ಒಂದು ಕೊಡೆ, ಒಂದು ಪೆನ್ನು, ಅದು ಕೈಕೊಟ್ಟರೆ ಇರಲೆಂದು ಇನ್ನೊಂದು ಪೆನ್ನು, ಹೊಟ್ಟೆ ಉರಿಯ ಗುಳಿಗೆ. ಊರಲ್ಲಿ ಹೊಡೆದಾಟವಾದರೆ ಠಾಣೆಗೆ ತಿಳಿಸುವುದು, ಯಾರಾದರೂ ಬಾವಿಗೆ ಬಿದ್ದರೆ ತಿಳಿಸುವುದು, ಪೊಲೀಸರು ಬಂದಾಗ ಪಕ್ಕದಲ್ಲಿ ನಿಂತು ಪಂಚನಾಮೆಗೆ ಸಹಿ ಹಾಕುವುದು, ಇಷ್ಟೇ ನನ್ನ ಅಧಿಕಾರ. ನಿಲಂಗಾದಿಂದ ಕಾಸಾರಶಿರಸಿಗೆ ಹೋಗುವ ಬಸ್ಸು ನಮ್ಮ ಫಾಟಾದಲ್ಲಿ, ಎಂದರೆ ಕವಲುದಾರಿಯಲ್ಲಿ, ನಿಲ್ಲುತ್ತದೆ, ಅಲ್ಲಿಂದ ನಡೆದರೆ ನಮ್ಮ ಊರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಚಿಂತೆಯನ್ನು ನಾನು ಎರಡರಲ್ಲೂ ಮಾಡಬಲ್ಲೆ.

ನವರಾತ್ರಿ ಬಂದರೆ ನಮ್ಮ ಕಡೆ ಮನೆಯಲ್ಲಿ ಘಟ ಕೂಡಿಸುತ್ತಾರೆ. ದೇವರ ಕೋಣೆಯ ನೆಲದ ಮೇಲೆ ಪತ್ರಾವಳಿ ಹಾಸಿ, ಅದರ ಮೇಲೆ ಮಣ್ಣು ಹರವಿ, ಗೋದಿ, ಜೋಳ, ಹೆಸರು ಎಲ್ಲ ಕಾಳು ಬೆರೆಸಿ ಬಿತ್ತಿ, ನಡುವೆ ನೀರು ತುಂಬಿದ ಹೊಸ ಗಡಿಗೆ ಇಡುತ್ತಾರೆ. ಗಡಿಗೆ ಸಣ್ಣಗೆ ಬೆವರುತ್ತ ಮಣ್ಣನ್ನು ತೇವವಾಗಿ ಇಟ್ಟುಕೊಳ್ಳುತ್ತದೆ. ಮನೆಯ ಹೆಂಗಸು ದಿನವೂ ಮಿಂದು ಬಂದು ಬೆರಳಿನಿಂದ ನೀರು ಚಿಮುಕಿಸುತ್ತಾಳೆ, ಮೇಲಿನಿಂದ ಒಂದು ಹೂಮಾಲೆ ಇಳಿಬಿಡುತ್ತಾಳೆ, ನಂದಾದೀಪಕ್ಕೆ ಎಣ್ಣೆ ಹಾಕುತ್ತಾಳೆ. ದಸರೆಯ ಹೊತ್ತಿಗೆ ಗಡಿಗೆಯ ಸುತ್ತ ತಿಳಿಹಳದಿ ಬಣ್ಣದ ಸಸಿ ಗೇಣುದ್ದ ನಿಂತಿರಬೇಕು. ದಟ್ಟವಾಗಿ ಬಂದರೆ ಮನೆಗೆ ವರ್ಷ ಚೆನ್ನಾಗಿದೆ. ತೆಳ್ಳಗೆ ಬಂದರೆ, ನೋಡಲು ಬಂದವರು ಏನೂ ಅನ್ನುವುದಿಲ್ಲ. ಪ್ರಸಾದ ತಿಂದು, ಆ ಹೆಂಗಸಿನ ಕೈಗಳನ್ನೊಮ್ಮೆ ನೋಡಿ ಹೋಗುತ್ತಾರೆ. ಇದಕ್ಕೆಲ್ಲ ಇರುವ ಕಟ್ಟುನಿಟ್ಟು ಇಷ್ಟೇ: ಮಣ್ಣು ಸ್ವಂತ ಹೊಲದ್ದಾಗಿರಬೇಕು, ದಸರೆಯವರೆಗೆ ಒಂದು ಸಸಿಯನ್ನೂ ಕೀಳಬಾರದು.

ನಮ್ಮ ಮನೆಯಲ್ಲಿ ಘಟ ಅವ್ವನದು. ಆಕೆ ಹೋದ ಮೇಲೆ ಅದು ನನ್ನ ಹೆಂಡತಿಗೆ ಬಂತು. ಹೋದ ವರ್ಷ ಆಕೆ ಮೊದಲ ಸಲ ಕೂಡಿಸಿದಳು, ಅದೂ ಮಳೆ ಬಿಡದ ನವರಾತ್ರಿ. ನಮ್ಮ ಹೊಲದ ಎರೆ ಮಣ್ಣು ಅಂಟಾಗಿ, ಕಾಳು ಒಳಗೇ ಕೊಳೆತು ಬಿಳಿ ಬೂಸು ಹಿಡಿಯಿತು. ದಸರೆಗೆ ಉದಗೀರದಿಂದ ಅಣ್ಣ, ವೈನಿ ಬಂದರು. ವೈನಿ ಎಂದರೆ ಅಣ್ಣನ ಹೆಂಡತಿ, ಮನೆಯ ಹಿರಿಯ ಸೊಸೆ, ಮಾತಿನಲ್ಲಿ ಯಾರಿಗೂ ಸೋತವಳಲ್ಲ. ಅಲ್ಲೊಂದು ಇಲ್ಲೊಂದು ನಿಂತಿದ್ದ ಗೋದಿಯ ಎಳೆ ನೋಡಿ, "ಪಾಟೀಲ್ರ ತಲಿ ಕೂದಲ ಇದರಕಿಂತ ದಟ್ಟ ಅವ," ಎಂದಳು. ಎಲ್ಲರೂ ನಕ್ಕರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ನಗದೆ ಹೇಳಿದಳು, "ಬರೂ ವರ್ಷ ಭಿ ಹಿಂಗೇ ಆದ್ರ ಘಟ ಉದಗೀರಕ್ಕ ಒಯ್ತೀನಿ ನೋಡವ್ವಾ. ಹಿರೇ ಸೊಸಿ ನಾನೇ ಅಲ್ಲೇನು."

ನಾನು ಸಮಾಧಾನ ಮಾಡಲು ಹೋಗಿ, "ಹೋದ್ರ ಹೋಗ್ಲಿ ಬಿಡು, ನಿನಗೂ ಕೆಲಸ ಕಡಿಮಿ," ಎಂದೆ.

ಹೆಂಡತಿ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. "ಅತ್ತಿ ನನ್ನ ಕೈಯಾಗ ಇಟ್ಟು ಹೋಗ್ಯಾಳ. ಮಂದಿ ಏನಂತಾರ, ಈಕಿ ಕೈಯಾಗ ಒಂದು ಗೋದಿ ಕಾಳು ಭಿ ಹುಟ್ಟಲಿಲ್ಲ ಅಂತಾರ. ನಿಮಗೇನ್ರಿ, ನಿಮ್ಮದು ಸಹಿ ಹಾಕೂ ಕೈ."

ಆ ಒಂದು ವರ್ಷ ಮಣ್ಣಿನ ಬಗ್ಗೆ ನಾನು ಯೋಚಿಸಿದಷ್ಟು ನನ್ನ ಆರೋಗ್ಯದ ಬಗ್ಗೆಯೂ ಯೋಚಿಸಿಲ್ಲ. ಎರೆ ಮಣ್ಣಿಗೆ ನೀರು ಹೆಚ್ಚಾದರೆ ಕೆಸರು, ಕಡಿಮೆಯಾದರೆ ಕಲ್ಲು. ಅದಕ್ಕೆ ಏನಾದರೂ ಹಗುರಾದದ್ದು ಬೆರೆಸಬೇಕು. ಊರ ನಡುವೆ ಹಳೆಯ ಗಢಿ ಇದೆ, ನಿಜಾಮರ ಕಾಲದ ಮಣ್ಣಿನ ಕೋಟೆ, ಈಗ ಅರ್ಧ ಕುಸಿದಿದೆ. ಅದರ ಬುಡದ ಬಿಳಿ ಮಣ್ಣನ್ನು ಜನ ಮಾಳಿಗೆಗೆ ಹಾಕಲು ಒಯ್ಯುತ್ತಾರೆ. ಬೂದಿಯ ಹಾಗೆ ಸಡಿಲು, ನೀರು ನಿಲ್ಲಗೊಡುವುದಿಲ್ಲ. ನವರಾತ್ರಿಗೆ ಮುಂಚೆ ಮತ್ತೆ ಮಳೆ ಹಿಡಿದಿತ್ತು. ಗಢಿಯ ಗೋಡೆ ಮುಂದಕ್ಕೆ ಬಾಗಿದ ಕಡೆ, ಮಳೆ ತಾಗದ ಒಂದು ಪೊಟರೆಯಲ್ಲಿ ಒಣ ಮಣ್ಣು ಸಿಕ್ಕಿತು. ಅರ್ಧ ಪುಟ್ಟಿ ತುಂಬಿ ತಂದು ನಮ್ಮ ಹೊಲದ ಮಣ್ಣಿನಲ್ಲಿ ಕಲಸಿ, ಒಳ್ಳೆಯ ಮುಖ ಮಾಡಿ ಹೆಂಡತಿಗೆ ಕೊಟ್ಟೆ. ಸ್ವಂತ ಹೊಲದ್ದಾಗಿರಬೇಕೆಂಬ ಮಾತು ನನಗೆ ನೆನಪಿತ್ತು. ಅರ್ಧ ಸ್ವಂತದ್ದಾದರೆ ಅರ್ಧ ದೋಷ, ಅಷ್ಟನ್ನು ದೇವಿ ತಡೆದುಕೊಳ್ಳುತ್ತಾಳೆ ಎಂದು ಲೆಕ್ಕ ಹಾಕಿದೆ.

ಘಟ ಬಂತು ನೋಡಿ, ಹೇಗೆ ಬಂತು! ಗೋದಿ ಸೂಜಿಯ ಹಾಗೆ ಒತ್ತೊತ್ತಾಗಿ ಎದ್ದಿತು, ಹಿಂದೆಯೇ ಜೋಳ, ಹೆಸರು. ಹೆಂಡತಿ ನೀರು ಚಿಮುಕಿಸುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೀರಿನ ತಂಬಿಗೆ ಮುಟ್ಟಬಾರದೆಂದು ನನಗೆ ತಾಕೀತಾಗಿತ್ತು. ಆಕೆ ಅಕ್ಕಪಕ್ಕದವರನ್ನು ಕರೆದು ತೋರಿಸುವವಳಲ್ಲ, ಆದರೆ ದೇವರ ಕೋಣೆಯ ಬಾಗಿಲನ್ನು ಈಗ ಪೂರ್ತಿ ತೆರೆದಿಡುತ್ತಿದ್ದಳು.

ನವರಾತ್ರಿ ಅರ್ಧ ಕಳೆದ ಮೇಲೆ, ದೀಪದ ಕಡೆಯ ಮೂಲೆಯಲ್ಲಿ ಬೇರೆ ಕೆಲವು ಸಸಿ ಕಂಡವು. ದುಂಡು ದಂಟು, ಎರಡು ನುಣುಪಾದ ಪುಟ್ಟ ಎಲೆ. ಒಂದರ ತಲೆಯ ಮೇಲೆ ಬೀಜದ ಸಿಪ್ಪೆ ಟೋಪಿಯ ಹಾಗೆ ಇನ್ನೂ ಕೂತಿತ್ತು. ಯಾವುದೋ ಕಾಳು ಇರಬೇಕು ಎಂದುಕೊಂಡೆ. ಮರುದಿನ ಎಲೆಗಳ ನಡುವಿನಿಂದ ಇನ್ನೆರಡು ಎಲೆ ಇಣುಕಿದವು. ಅವುಗಳ ಅಂಚು ಗರಗಸ.

ಚೀಲದಿಂದ ಹೊಟ್ಟೆ ಉರಿಯ ಗುಳಿಗೆ ತೆಗೆದು ನುಂಗಿದೆ. ಅದರ ಹಿಂದಿನ ಚಳಿಗಾಲದಲ್ಲಿ ಊರಾಚೆ ಯಾರೋ ಗೇಣಿಗೆ ಹಿಡಿದಿದ್ದ ಹೊಲದಲ್ಲಿ, ತೊಗರಿ ಸಾಲಿನ ನಡುವೆ ಗಾಂಜಾ ಸಿಕ್ಕಿತ್ತು. ಪೊಲೀಸರು ಕಿತ್ತು ಟೆಂಪೋದಲ್ಲಿ ತಂದು, ಪಂಚನಾಮೆ ಮುಗಿಯುವವರೆಗೆ ಒಂದು ಮಧ್ಯಾಹ್ನವಿಡೀ ಗಢಿಯ ನೆರಳಿನಲ್ಲಿ ಒಟ್ಟಿದ್ದರು. ಬೀಜ ಕಟ್ಟಿದ ಗಿಡಗಳು. ನಾನೇ ಪಕ್ಕದಲ್ಲಿ ನಿಂತು ಬೆವರುತ್ತ ಸಹಿ ಹಾಕಿದ್ದೆ. ಆ ರಾಶಿ ಇದ್ದದ್ದು ಪೊಟರೆಯ ಹತ್ತಿರವೋ, ಆಚೆ ಮೂಲೆಯಲ್ಲೋ? ಎಷ್ಟು ನೆನೆದರೂ ರಾಶಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೋಗಿ ಕೂರುತ್ತಿತ್ತು.

ಗಾಂಜಾ ಅಲ್ಲದೆಯೂ ಇರಬಹುದಲ್ಲ. ನಮ್ಮ ಕಡೆ ಜೋಳದ ಬದುವಿಗೆ ಪುಂಡಿ ಹಾಕುತ್ತಾರೆ, ಹುಳಿ ಪಲ್ಯದ ಪುಂಡಿ. ಅದರ ಎಲೆಯೂ ಬೆಳೆದರೆ ಬೆರಳು ಬೆರಳಾಗಿ ಅಂಚು ಕೊರೆದುಕೊಳ್ಳುತ್ತದೆ. ಚೆಂಡು ಹೂವಿನ ಸಸಿಗೂ ಹಲ್ಲು ಉಂಟು, ಘಟದ ಮೇಲೆ ದಿನವೂ ಇಳಿಬಿಟ್ಟದ್ದು ಚೆಂಡು ಹೂವಿನ ಮಾಲೆಯೇ. ಫೋನಿನಲ್ಲಿ ಗಿಡ ಗುರುತಿಸುವ ಒಂದು ಆಪ್ ಇದೆಯೆಂದು ಕೇಳಿದ್ದೆ. ಕೋಣೆಯಲ್ಲಿ ಯಾರೂ ಇಲ್ಲದಾಗ ಫೋಟೋ ಹೊಡೆದೆ. ಮೊದಲು ಅದು ಚೆಂಡು ಹೂ ಅಂದಿತು. ಹತ್ತಿರದಿಂದ ಹೊಡೆದರೆ ಕೊತ್ತಂಬರಿ. ಇನ್ನೂ ಹತ್ತಿರ ಹೋದರೆ, ಚಿತ್ರದಲ್ಲಿ ಮನುಷ್ಯನ ಹೆಬ್ಬೆರಳಿದೆ ಅಂದಿತು. ಆಮೇಲೆ ಹೊಳೆಯಿತು, ಪೊಲೀಸ್ ಪಾಟೀಲನ ಫೋನಿನಲ್ಲಿ ಈ ಫೋಟೋ ಇರುವುದು ಒಳ್ಳೆಯದಲ್ಲ. ಅಳಿಸಿದೆ. ಅಳಿಸಿದ್ದು ಇನ್ನೊಂದು ಪೆಟ್ಟಿಗೆಯಲ್ಲಿ ಉಳಿದಿರುತ್ತದೆಂದು ಗೊತ್ತಾಗಿ ಅಲ್ಲಿಂದಲೂ ಅಳಿಸಿದೆ. ಅದು ಮೋಡದಲ್ಲಿ ಎಲ್ಲೋ ಇರುತ್ತದೆಂದು ಯಾರೋ ಹಿಂದೆ ಹೇಳಿದ್ದು ನೆನಪಾಗಿ, ಹೊರಗೆ ಬಂದು ಸುಮ್ಮನೆ ಆಕಾಶ ನೋಡಿದೆ.

ಉಮರ್ಗಾದಲ್ಲಿ ನನ್ನನ್ನು ಯಾರೂ ಗುರುತಿಸುವುದಿಲ್ಲವೆಂದು ಅಲ್ಲಿನ ಬೀಜದ ಅಂಗಡಿಗೆ ಹೋದೆ. "ಗರಗಸದಂಥ ಎಲಿ ಇರೂ ಸಣ್ಣ ಸಸಿ ಯಾವ್ಯಾವ ಇರ್ತಾವ್ರಿ?" ಎಂದು ಕೇಳಿದೆ. ಅಂಗಡಿಯವನು ಕನ್ನಡಕದ ಮೇಲಿಂದ ನೋಡಿ, "ನಿಮಗ ಬೆಳಸೂದದನು, ಕೊಲ್ಲೂದದನು?" ಎಂದ. ಪಾಲಕ್ ಬೀಜ ಕೊಂಡು ವಾಪಸು ಬಂದೆ.

ಬಂದು ನೋಡಿದರೆ ಠಾಣೆಯ ಜಮಾದಾರ ನಮ್ಮ ದೇವರ ಕೋಣೆಯಲ್ಲಿ ನಿಂತಿದ್ದ. ದಸರೆಯ ಬಂದೋಬಸ್ತಿಗೆ ಊರು ನೋಡಿ ಹೋಗಲು ಬಂದವನು, ಆರತಿಯ ಹೊತ್ತಾಯಿತೆಂದು ನಿಂತಿದ್ದನಂತೆ. ಮರಾಠಿಯವನು, ಗಡಿಯ ಠಾಣೆಗಳಲ್ಲೇ ತಿರುಗಿ ಕನ್ನಡ ಕಲಿತವನು. ಕೈಮುಗಿದು, ಘಟದ ಮೇಲೆ ಬಾಗಿ, "ಅರೆ ವಾ ಪಾಟೀಲ್, ಏಕದಮ್ ಝಕಾಸ್ ಬಂದದ. ಮಣ್ಣು ಎಲ್ಲೀದು?" ಎಂದ.

ಹೆಂಡತಿ, "ನಮ್ಮ ಹೊಲದ್ದೇ ರೀ ಸಾಹೇಬ್ರ," ಎಂದಳು. ಆ ದನಿಯಲ್ಲಿದ್ದ ಸಂತೋಷ ಕೇಳಿ ನಾನು ಪಾಲಕ್ ಬೀಜದ ಪೊಟ್ಟಣವನ್ನು ಚೀಲದ ತಳಕ್ಕೆ ತಳ್ಳಿದೆ.

"ಮತ್ತ ಈ ಮೂಲ್ಯಾಗ ಏನದು?" ಜಮಾದಾರನ ಬೆರಳು ಸರಿಯಾಗಿ ಅಲ್ಲಿಗೇ ಹೋಯಿತು.

"ಪುಂಡಿ," ಎಂದೆ ನಾನು. ಅದೇ ಹೊತ್ತಿಗೆ ಹೆಂಡತಿ, "ಚೆಂಡು ಹೂ," ಎಂದಳು.

ಜಮಾದಾರ ನಕ್ಕ. "ಗಂಡಹೆಂಡ್ತಿ ಮೊದಲ ಆಪಸದಾಗ ಠರಾವು ಮಾಡ್ಕೋರಿ. ದಸರಾಕ್ಕ ಬರ್ತೀನಿ, ನನಗ ಟೋಪಿಗಿ ಇಡ್ಲಾಕ ಒಂದೆರಡು ಸಸಿ ತೆಗದಿಡ್ರಿ." ಸೀಮೋಲ್ಲಂಘನಕ್ಕೆ ಹೋಗುವಾಗ ಗಂಡಸರು ಘಟದ ಸಸಿಯನ್ನು ಟೋಪಿಗೆ ಸಿಕ್ಕಿಸಿಕೊಳ್ಳುವುದು ನಮ್ಮ ಪದ್ಧತಿ. ಪೊಲೀಸ್ ಟೋಪಿಯಲ್ಲಿ ಗಾಂಜಾ ಸಸಿ ನಿಂತು ಊರ ಸೀಮೆ ದಾಟುವುದನ್ನು ನಾನು ಆಗಲೇ ಕಣ್ಣಾರೆ ಕಂಡೆ.

ಕಿತ್ತುಬಿಡುವುದೇ ಸರಿ ಎಂದು ಮರುದಿನ ನಿರ್ಧರಿಸಿದೆ. ಹೆಂಡತಿ ಹೂವು ತರಲು ಹೋದಾಗ ಘಟದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹಲ್ಲಿನ ಎಲೆಯ ಒಂದು ದಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಅದರ ಜೊತೆ ಗೋದಿ ಅಲುಗಿತು, ಜೋಳ ಅಲುಗಿತು, ಮಣ್ಣಿನ ಒಂದು ಪದರವೇ ಮೇಲೆದ್ದಿತು. ಅಷ್ಟು ತೆಳ್ಳಗಿನ ಮಣ್ಣಲ್ಲಿ ಎಲ್ಲರ ಬೇರೂ ಒಂದಕ್ಕೊಂದು ಹೆಣೆದು ಚಾಪೆಯಾಗಿತ್ತು. ಬಿಟ್ಟೆ. ಪದರ ಮತ್ತೆ ಕೂತಿತು, ಆದರೆ ಒಂದು ಬಿರುಕು ಉಳಿಯಿತು. ಅದನ್ನು ಬೆರಳಿನಿಂದ ಒತ್ತುತ್ತಿರುವಾಗ ಹಿಂದೆ ಬಳೆ ಸದ್ದಾಯಿತು.

"ಏನ್ ಮಾಡ್ಲತ್ತೀರಿ?"

ಎಲ್ಲವನ್ನೂ ಹೇಳಿದೆ. ಗಢಿ, ಪೊಟರೆ, ರಾಶಿ, ಫೋಟೋ, ಪಾಲಕ್ ಬೀಜ. ಗಾಂಜಾ ಎಂಬ ಶಬ್ದಕ್ಕೆ ಆಕೆ ಬೆಚ್ಚಬಹುದೆಂದು ಮೆಲ್ಲಗೆ ಅಂದೆ. ಆಕೆ ಬೆಚ್ಚಿದ್ದು ಬೇರೆ ಕಡೆ.

"ಇದು ನಮ್ಮ ಹೊಲದ ಮಣ್ಣಲ್ಲೇನು?"

"ಅರ್ಧ ನಮ್ಮದೇ ಅದ."

"ಅರ್ಧ," ಎಂದಳು. ಹೂವಿನ ಬುಟ್ಟಿ ಕೆಳಗಿಟ್ಟು ಕೂತಳು. ನಾನು ಕಾಯ್ದೆಗೆ ಹೆದರಿದ್ದೆ, ಆಕೆ ಆ ಅರ್ಧಕ್ಕೆ ಹೆದರಿದ್ದಳು. ಇದು ವೈನಿಗೆ ಗೊತ್ತಾದರೆ, ಕೈಯೂ ಈಕೆಯದಲ್ಲ ಮಣ್ಣೂ ಈಕೆಯದಲ್ಲ ಎನ್ನುವುದಕ್ಕೆ ಇನ್ನೇನು ಬೇಕು? "ಕೀಳ್ಲೇನು ಮತ್ತ?" ಎಂದು ಕೇಳಿದೆ.

"ಕೀಳಬ್ಯಾಡ್ರಿ. ದಸರಾ ತನ ಯಾವದೂ ಕೀಳೂದಿಲ್ಲ."

ಎದ್ದು ತಂಬಿಗೆ ತಂದು ನೀರು ಚಿಮುಕಿಸಿದಳು. ಆ ಮೂಲೆಗೂ ಬಿತ್ತು. "ಅವಕ್ಕ್ಯಾಕ ಹಾಕ್ತಿ?" ಎಂದೆ.

"ಬಿಟ್ಟು ಬಿಟ್ಟು ಹ್ಯಾಂಗ ಹಾಕ್ಲಿ? ಚಿಮುಕಸೂದು ಅದ, ಚಮಚದಿಂದ ಕುಡಸೂದಲ್ಲ."

ಆವತ್ತಿನಿಂದ ಮಾಲೆಗಳನ್ನು ಆ ಮೂಲೆಯ ಮೇಲೆಯೇ ದಪ್ಪಗೆ ಇಳಿಬಿಟ್ಟಳು. ನೆರಳಿನಲ್ಲಿ ಆ ಸಸಿಗಳು ಸಾಯಬಹುದೆಂದು ನಾನು ಆಸೆಪಟ್ಟೆ. ಅವು ದೀಪದ ಬೆಳಕು ಹುಡುಕಿ ಮಾಲೆಯ ಸಂದಿನಿಂದ ಕತ್ತು ಹೊರಗೆ ಹಾಕಿದವು.

ದಸರೆಯ ದಿನ ಅಣ್ಣ, ವೈನಿ ಬಂದರು. ವೈನಿ ಚಪ್ಪಲಿ ಬಿಟ್ಟು ನೇರ ದೇವರ ಕೋಣೆಗೆ ಹೋದಳು. ನಾವಿಬ್ಬರೂ ಹಿಂದೆ ಹೋದೆವು, ಪರೀಕ್ಷೆಯ ಫಲಿತಾಂಶಕ್ಕೆ ಹೋದ ಹಾಗೆ. ಆಕೆ ಬಹಳ ಹೊತ್ತು ನೋಡಿದಳು. ತಮಾಷೆ ಮಾಡಲಿಲ್ಲ. "ಅತ್ತಿ ಇದ್ದಾಗ ಭಿ ಇಷ್ಟು ದಟ್ಟ ಬಂದಿಲ್ಲ," ಎಂದಳು. ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು, ಮುಖದಲ್ಲಿ ಬೆವರಿರಲಿಲ್ಲ.

ಪೂಜೆಯಾಗಿ ಸಸಿ ಕೀಳುವ ಹೊತ್ತಿಗೆ ಹೆಂಡತಿ ಘಟದ ಮುಂದೆ ಗಟ್ಟಿಯಾಗಿ ಕೂತಳು. ಒಂದೊಂದೇ ಗೋದಿಯ ಎಳೆ ಬಿಡಿಸಿ ಮೊದಲು ದೇವಿಗೆ, ಆಮೇಲೆ ಅಣ್ಣನ ಟೋಪಿಗೆ, ನನ್ನ ಟೋಪಿಗೆ, ಬಾಗಿಲಲ್ಲಿ ಬಂದು ನಿಂತ ಜಮಾದಾರನಿಗೆ. ಅವನ ಎಳೆಯನ್ನು ಬೆಳಕಿಗೆ ಹಿಡಿದು ನೋಡಿಯೇ ಕೊಟ್ಟಳು. ಅವನು ಟೋಪಿಗೆ ಸಿಕ್ಕಿಸಿಕೊಂಡು ಹೋದ. ನಾನು ಉಸಿರು ಬಿಡುವಷ್ಟರಲ್ಲಿ ವೈನಿ, "ನನ್ನ ಪಾಲು ನಾನೇ ತಗೋತೀನಿ, ಸಣ್ಣಾಕಿ ಕೈಲಿಂದ ತಗೋಬಾರ್ದು," ಎಂದು ಮಾಲೆ ಸರಿಸಿ ಕೈ ಹಾಕಿದಳು. ಮೂಲೆಗೇ ಹಾಕಿದಳು. ಮಣ್ಣಿನ ಸಮೇತ ಒಂದು ಹಿಡಿ ಎತ್ತಿ, ಒದ್ದೆ ಅರಿವೆಯಲ್ಲಿ ಸುತ್ತಿ, ತನ್ನ ಚೀಲದಲ್ಲಿ ಇಟ್ಟುಕೊಂಡಳು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಟೋಪಿ ಸರಿಮಾಡಿಕೊಂಡೆ. ಅದರಾಚೆ ಮಾಡುವ ಕೆಲಸ ನನಗೆ ಯಾವುದೂ ತೋಚಲಿಲ್ಲ.

ಉಳಿದ ಸಸಿ ಹೊಳೆಗೆ ಬಿಟ್ಟೆವು. ಉದಗೀರಕ್ಕೆ ಹೋದವು ತಾವೇ ಬಾಡುತ್ತವೆ, ಘಟದ ಸಸಿ ಎಷ್ಟು ದಿನ ಬಾಳುತ್ತದೆ ಎಂದು ನಾನು ಹೆಂಡತಿಗೂ ಹೆಂಡತಿ ನನಗೂ ಹೇಳುತ್ತಿದ್ದೆವು.

ದೀಪಾವಳಿ ಕಳೆದ ಮೇಲೆ ವೈನಿಯ ಫೋನು ಬಂತು. ಹೆಂಡತಿ ಸ್ಪೀಕರ್ ಹಾಕಿದಳು. "ಗೋದಿ, ಜೋಳ ಎಲ್ಲಾ ಹಳದಿ ಆಗಿ ಹೋದ್ವು. ಎರಡೇ ಎರಡು ಸಸಿ ನಿಂತಾವ ನೋಡು, ಏನ್ ಚಂದ ನಿಂತಾವ ಅಂತಿ. ಕುಂಡ್ಯಾಗ ಹಚ್ಚಿ ದೇವರ ಖೋಲ್ಯಾಗ ಇಟ್ಟೀನಿ. ಎರಡೂ ಹೊತ್ತು ನಾನೇ ನೀರ ಹಾಕ್ತೀನಿ. ಓಣಿ ಹೆಣ್ಣಮಕ್ಕಳು ಬಂದು ಕುಂಕುಮ ಹಚ್ಚಿ ಹೋಗ್ತಾರ. ಖರೆ ಹೇಳ್ತೀನಿ, ನಿನ್ನ ಕೈಯಾಗ ಏನೋ ಅದ. ಘಟ ಅಲ್ಲೇ ಇರ್ಲಿ. ಎಲ್ಲಾರಿಗೂ ಹೇಳೇ ಬಿಟ್ಟೀನಿ."

ಒಂದು ವರ್ಷ ಕಾದಿದ್ದ ಮಾತು ಅದು. ಹೆಂಡತಿ, "ಹೂಂ ಯಕ್ಕಾ," ಎಂದಳು, ಫೋನು ಇಟ್ಟಳು, ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು. ಕಲ್ಲೇ ಇಲ್ಲದ ಅಂಗಡಿಯ ಅಕ್ಕಿ. 

"ಓಣಿ ಮಂದಿ ಬರ್ತಾರಂತ," ಎಂದಳು ಕೊನೆಗೆ. "ಯಾರರ ಗುರ್ತು ಹಿಡದ್ರ?"

"ಹೇಳಬೇಕೇನು ಮತ್ತ?"

"ಹೇಳ್ರಿ ಅಂದ್ನೇನು ನಾ?"

"ಬ್ಯಾಡ ಏನು ಹಂಗಾರ?"

"ಹೋಗಿ ನೋಡ್ಕೊಂಡ ಬರ್ರಿ," ಎಂದಳು.

ನಿಲಂಗಾದಲ್ಲಿ ಬಸ್ಸು ಬದಲಿಸಿ ಉದಗೀರ ಮುಟ್ಟುವವರೆಗೂ ಆ ನೋಡ್ಕೊಂಡ ಬರ್ರಿ ಎಂಬುದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೇಳಿ ಬರ್ರಿ ಎಂದೋ, ಹೇಳದೆ ಬರ್ರಿ ಎಂದೋ, ಕದ್ದು ತರ್ರಿ ಎಂದೋ. ಹೇಳಿದರೆ ಘಟ ಹೋಗುತ್ತದೆ. ಹೇಳದಿದ್ದರೆ, ಯಾವುದೋ ಒಂದು ದಿನ ಪೊಲೀಸರು ಅಣ್ಣನ ಮನೆಯ ದೇವರ ಕೋಣೆಗೆ ಚಪ್ಪಲಿ ಬಿಟ್ಟು ಒಳಗೆ ಬರಬೇಕಾಗುತ್ತದೆ. ಬಸ್ಸಿನಲ್ಲಿ ಪಕ್ಕದವನು ಎಲ್ಲಿಗೆ ಎಂದು ಕೇಳಿದ. ಉದಗೀರ ಎನ್ನಲೂ ನಾನು ಸ್ವಲ್ಪ ತಡೆದೆ.

ಅಣ್ಣ ಸಂತೆಗೆ ಹೋಗಿದ್ದ. ವೈನಿ ಚಹಾ ಕೊಡುವ ಮೊದಲೇ ಒಳಗೆ ಕರೆದೊಯ್ದಳು. ಕಿಟಕಿಯ ಕೆಳಗೆ ಕುಂಡ, ಅದಕ್ಕೆ ಅರಿಷಿಣ ಕುಂಕುಮ, ಎರಡು ಗಿಡಕ್ಕೂ ಊದಿನಕಡ್ಡಿಯ ಕಾಂಡದ ಆಸರೆ, ಕೆಂಪು ದಾರ. ಗೇಣಿಗಿಂತ ಎತ್ತರ ಬೆಳೆದಿದ್ದವು. ಎಲೆ ಈಗ ಮೂರು ಬೆರಳು, ತುದಿಯಲ್ಲಿ ಐದು. ದಂಟು ಮಾತ್ರ ತೆಳ್ಳಗೆ, ಕಿಟಕಿಯ ಕಡೆ ವಾಲಿತ್ತು. ಕೆಳಗಿನ ಎಲೆ ಹಳದಿಯಾಗಿ ಜೋತುಬಿದ್ದಿದ್ದವು. ಕುಂಡದ ತಟ್ಟೆಯಲ್ಲಿ ನೀರು ನಿಂತಿತ್ತು.

"ನೀರು ಭಾಳ ಆಗ್ಯಾದ ವೈನಿ," ಎಂದೆ. "ಬೇರು ಕೊಳೀತಾವ. ಮಣ್ಣಾಗ ಬೆರಳ ಹಾಕಿ ನೋಡ್ರಿ, ಒಣಗಿದ್ರಷ್ಟೇ ಹಾಕ್ರಿ. ಎಲಿ ಮ್ಯಾಲ ಹಾಕಬ್ಯಾಡ್ರಿ, ಬುಡಕ್ಕ ಹಾಕ್ರಿ. ಕುಂಡಿ ದಿನಾ ಜರಾ ಜರಾ ತಿರುವ್ರಿ, ಇಲ್ಲಂದ್ರ ಒಂದೇ ಕಡಿ ವಾಲ್ತಾವ."

ಹೇಳುತ್ತ ನಾನೇ ತಟ್ಟೆಯ ನೀರು ಬಗ್ಗಿಸಿ, ಕುಂಡವನ್ನು ತಿರುಗಿಸಿ ಇಟ್ಟಿದ್ದೆ. ಯಾವ ಗಿಡವಾದರೂ ಕೆಳಗಿನ ಎಲೆ ಹಳದಿಯಾದರೆ ನನಗೆ ಚಿಂತೆಯಾಗುತ್ತದೆ, ಏನು ಮಾಡಲಿ. ವೈನಿ, "ಪಾಟೀಲ್ರಿಗಿ ಇಷ್ಟೆಲ್ಲಾ ಗೊತ್ತದ," ಎಂದು ತಲೆದೂಗಿದಳು.

ಆಗ ಒಂದು ಕೆಲಸ ಮಾಡಿದೆ. ಪುಂಡಿಯ ಎಲೆ ಹುಳಿ, ಸಣ್ಣ ಚಿಗುರೂ ಹುಳಿ. ಘಟದಲ್ಲಿದ್ದಾಗ ಬಾಯಿ ಹಾಕುವಂತಿರಲಿಲ್ಲ. ಈಗ ಒಂದು ಬೆರಳಿನಷ್ಟು ಎಲೆ ಚಿವುಟಿ ಬಾಯಲ್ಲಿಟ್ಟು ಕಚ್ಚಿದೆ. ಹುಳಿಗಾಗಿ ನಾಲಿಗೆ ಕಾಯಿತು. ಒಗರು, ಹುಲ್ಲು, ಒಂದು ಥರಾ ಘಾಟು. ಹುಳಿ ಬರಲಿಲ್ಲ.

"ಪ್ರಸಾದ ಅಂತ ತಿಂದ್ರೇನು?" ಎಂದಳು ವೈನಿ.

"ವೈನಿ, ಇದು ಗಾಂಜಾ ಅದ."

"ಯಾರ ಹೊಲದಾಗ?"

"ನಿಮ್ಮ ಕುಂಡ್ಯಾಗ."

ವೈನಿ ಕುಂಡ ನೋಡಿದಳು, ಬಾಗಿಲು ನೋಡಿದಳು, ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. "ಅಯ್ಯ ಶಿವನೇ. ಎಲ್ಲಾರಿಗೂ ಇದರದು ತೀರ್ಥ ಕೊಟ್ಟೀನಿ ನಾ." ಕುಂಡವನ್ನು ಕಿಟಕಿಯಿಂದ ಈಚೆಗೆ ಎಳೆದು, "ನಿಮ್ಮ ಅಣ್ಣಗ ಹೇಳಬ್ಯಾಡ್ರಿ. ದಿನಾ ಇದಕ್ಕ ಕೈಮುಗದು ಬಿಪಿ ಗುಳಗಿ ತಗೋತಾರ. ಬಿಪಿ ಇಳದದ ಅಂತ ಖುಷಿ ಆಗ್ಯಾರ," ಎಂದಳು.

ಗಢಿಯ ಮಣ್ಣಿನ ಕಥೆಯನ್ನೂ ಹೇಳಿದೆ. ಅರ್ಧ ಹೇಳಿ ಅರ್ಧ ಉಳಿಸಿಕೊಂಡರೆ ಯಾವ ಅರ್ಧ ಹೇಳಿದೆ ಎಂದು ಮುಂದೆ ನೆನಪಿಟ್ಟುಕೊಳ್ಳುವುದು ನನ್ನಿಂದ ಆಗದು. ಆಕೆ ಗೋಡೆಗೆ ಒರಗಿ ಕೇಳಿದಳು. ನಗಲಿಲ್ಲ, ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಆಕಿಗಿ ಗೊತ್ತದನು?"

"ಗೊತ್ತದ."

"ಯಾವಾಗಿಂದ?"

"ದಸರಾಕಿಂತ ಮುಂಚಿಂದ."

"ನಾ ಫೋನ್ ಮಾಡ್ದಾಗ ಹೂಂ ಯಕ್ಕಾ ಅಂದ್ಳಲ್ಲ."

"ಆಕಿನೇ ನನಗ ಕಳಸ್ಯಾಳ, ವೈನಿ."

"ಏನಂತ ಹೇಳಿ ಕಳಸ್ಯಾಳ?"

"ನೋಡ್ಕೊಂಡ ಬರ್ರಿ ಅಂದ್ಳು."

ವೈನಿ ಅದನ್ನು ಬಾಯೊಳಗೆ ಒಂದು ಸಲ ಅಂದುಕೊಂಡಳು. ಬಸ್ಸಿನಲ್ಲಿ ನನಗೆ ಬಿಡಿಸಲಾಗದ ಗಂಟು ಆಕೆಗೆ ಬಿಚ್ಚಿತೋ ಏನೋ. ಎದ್ದು ಬಕೆಟ್ಟಿನಲ್ಲಿ ನೀರು ತಂದಳು. ದೇವರ ಸಸಿಯನ್ನು ಕಸಕ್ಕೆ ಹಾಕುವ ಹಾಗಿಲ್ಲ, ನೀರಿಗೇ ಬಿಡಬೇಕು. ಎರಡನ್ನೂ ಬೇರು ಸಮೇತ ಎತ್ತಿ, ಕೆಂಪು ದಾರ ಬಿಚ್ಚಿಟ್ಟು, ನೀರಿನಲ್ಲಿ ಮುಳುಗಿಸಿ ಕೈಮುಗಿದಳು. ಆಮೇಲೆ ನಾನು ಅವನ್ನು ಚೂರು ಚೂರು ಹರಿದು ಹಿತ್ತಲ ಕೆಸರಿನಲ್ಲಿ ತುಳಿದೆ. ಜನ್ಮದಲ್ಲಿ ಮೊದಲ ಸಲ, ಪಂಚನಾಮೆ ಇಲ್ಲದೆ, ಎರಡು ಪೆನ್ನೂ ಚೀಲದಲ್ಲೇ ಇಟ್ಟುಕೊಂಡು ಮುದ್ದೇಮಾಲು ನಾಶ ಮಾಡಿದೆ. ತುಳಿಯುವಾಗ, ಕುಂಡ ತಿರುಗಿಸಿ ಇಟ್ಟದ್ದು ವ್ಯರ್ಥವಾಯಿತಲ್ಲ ಎಂದು ಅನ್ನಿಸಿದ್ದು ಯಾಕೆ ಎಂಬುದು ಇವತ್ತಿಗೂ ತಿಳಿದಿಲ್ಲ.

ಚಹಾ ಕುಡಿದು ಹೊರಟಾಗ ವೈನಿ ಬಾಗಿಲ ತನಕ ಬಂದಳು. ಘಟದ ಮಾತು ನಾನು ಎತ್ತಲಿಲ್ಲ, ಧೈರ್ಯವಿರಲಿಲ್ಲ. ಆಕೆಯೇ ಹೇಳಿದಳು.

"ಘಟ ಅಲ್ಲೇ ಇರ್ಲಿ. ಓಣಿ ತುಂಬ ಹೇಳಿ ಕುಂತೀನಿ, ಈಗ ಮಾತು ತಿರುವ್ಲಾಕ ಬರೂದಿಲ್ಲ. ಆದ್ರ ಮಣ್ಣು ನೀವು ಮುಟ್ಟಬ್ಯಾಡ್ರಿ. ಬರೂ ವರ್ಷ ನಮ್ಮ ಪಾಲಿನ ಹೊಲದ ಮಣ್ಣು ನಾನೇ ಬಂದು ತುಂಬಿ ಕೊಡ್ತೀನಿ. ಆಕಿಗಿ ಹಿಂಗಂತ ಹೇಳ್ರಿ."

ನಾನು ಮನೆ ಮುಟ್ಟಿದಾಗ ಹೆಂಡತಿ ಅಂಗಳದಲ್ಲಿ ಸೌದೆ ಒಳಗಿಡುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಕೊನೆಗೆ ಮಣ್ಣಿನ ಮಾತು. ಘಟ ಉಳಿಯಿತೆಂದು ಆಕೆ ಸಂತೋಷಪಡುತ್ತಾಳೋ, ಅರ್ಧ ಹೋಯಿತೆಂದು ಅಳುತ್ತಾಳೋ ತಿಳಿಯದೆ ಮುಖ ನೋಡುತ್ತ ನಿಂತೆ.

ಆಕೆ ಕೈಯಲ್ಲಿದ್ದ ಸೌದೆ ಕೆಳಗಿಟ್ಟಳು. "ಮಣ್ಣು ಆಕಿನೇ ಕೊಡ್ತಾಳಂತೇನು?"

"ಹೂಂ."

"ಹಂಗಾರ ಬರೂ ವರ್ಷ ಸಸಿ ಬರಲಿಲ್ಲಂದ್ರ," ಎಂದು ನಿಧಾನವಾಗಿ, ಒಂದೊಂದೇ ಶಬ್ದ ತೂಗುತ್ತ ಹೇಳಿದಳು, "ಅದು ಯಕ್ಕನ ಮಣ್ಣಿನ ಗುಣ. ನನ್ನ ಕೈದಲ್ಲ."

ಇದು ನನಗೆ ಹೊಳೆದಿರಲಿಲ್ಲ. ಹೇಳುವಾಗ ವೈನಿಗೆ ಹೊಳೆದಿತ್ತೇ? ಸಿಟ್ಟಿನಲ್ಲಿ ಮಣ್ಣು ಕಸಿದುಕೊಂಡಳೋ, ತಿಳಿದೂ ತಿಳಿದೂ ಆ ದೂರನ್ನು ತನ್ನ ಹೊಲಕ್ಕೆ ಎಳೆದುಕೊಂಡಳೋ? ಬಾಗಿಲಲ್ಲಿ ನಿಂತಿದ್ದ ಆಕೆಯ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಸಲ ಹೀಗೆ ಕಾಣುತ್ತದೆ, ಒಂದು ಸಲ ಹಾಗೆ.

"ಯಕ್ಕಗ ಫೋನ್ ಹಚ್ಚಿ ಕೊಡ್ರಿ," ಎಂದಳು ಹೆಂಡತಿ, ಕೈ ಒರೆಸಿಕೊಳ್ಳುತ್ತ. ಏನು ಮಾತಾಡುತ್ತಾಳೆಂದು ನಾನು ಕೇಳಲಿಲ್ಲ. ಹಚ್ಚಿ ಕೊಟ್ಟೆ. ಆಕೆ ಈ ಸಲ ಸ್ಪೀಕರ್ ಹಾಕಲಿಲ್ಲ, ಒಳಗೆ ಹೋದಳು.